ನೀರು ಹುಡುಕುತ್ತ ಓಡಿಸಿದ ರೇಸು

ಕುತಾ, ಲೊಂಬೊಕ್
ನವೆಂಬರ್ 11, ಸೋಮವಾರ

ಪ್ರೀತಿಯ ಮುರ್ದಿಯಾ ಅಕ್ಕನಿಗೆ ನಿನ್ನ ತಮ್ಮನ ಸಲಾಂ.

ಮೊದಲು ಮುಖ್ಯವಾದ ಮಾತು. ಜೊಹೊರಿನ ತಾಳೆ ತೋಟದಲ್ಲಿ ಭಾವ ನನಗಾಗಿ ಹಿಡಿದಿಟ್ಟಿರುವ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿಸಲಿ. ಈ ಬೈಕ್ ರೇಸಿನಲ್ಲಿ ಏನೂ ಆಗದಿದ್ದರೆ ಮಲೇಷ್ಯಾಕ್ಕೆ ಬರುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ, ಮರೆತಿಲ್ಲ. ನಡೆದದ್ದನ್ನು ಓದು, ಆಮೇಲೆ ಬೈಯಿ.

ರೇಸ್ ತಂಡದ ಯಜಮಾನರು ಪಾಕ್ ಸುಹಾರ್ದಿ. ಅವರ ಸವಾರ ಮಣಿಕಟ್ಟು ಮುರಿದುಕೊಂಡಿದ್ದಕ್ಕೆ ಈ ಒಂದು ರೇಸಿಗೆ ನನ್ನನ್ನು ಕೂರಿಸಿದ್ದರು. ಮೊದಲ ಐವರಲ್ಲಿ ಬಂದರೆ ಮುಂದಿನ ವರ್ಷ ಪೂರ್ತಿ ಬೈಕು ನನ್ನದು ಎಂದಿದ್ದರು. ಶುಕ್ರವಾರ ಬಿಸಿಲು. ಅಭ್ಯಾಸದಲ್ಲಿ ನಾನು ಬಾಲದಲ್ಲಿದ್ದೆ. ಮೆಕ್ಯಾನಿಕ್ ಕೊಮಾಂಗ್ ಅಣ್ಣ ಎಲ್ಲರೆದುರೇ, "ಏನೋ, ಮೀನು ಮಾರೋಕೆ ಹೊರಟಿದ್ಯಾ?" ಅಂದ. ಶನಿವಾರ ಮಳೆ. ಅದೇ ಬೈಕು, ಎರಡನೇ ಸ್ಥಾನ. ಕಾಂಕುಂಗ್ ಸೊಪ್ಪಿನ ಹೊರೆ ಹೇರಿಕೊಂಡು ಮಳೆಗಾಲದ ಕೆಸರಿನಲ್ಲಿ ಪ್ರಾಯಾ ಸಂತೆಗೆ ಓಡಿಸಿದವನಿಗೆ ಒದ್ದೆ ಡಾಂಬರು ಮನೆಯ ಅಂಗಳವಿದ್ದಂತೆ. ಕೊಮಾಂಗ್ ಅಣ್ಣ ತಾನೇ ಟವೆಲ್ ತಂದುಕೊಟ್ಟ.

ಹಾಗಾಗಿ ಭಾನುವಾರ ನನಗೆ ಮಳೆಯೇ ಬೇಕಿತ್ತು. ಶನಿವಾರ ಸಂಜೆ ಮನೆಗೆ ಹೋದರೆ ಅಮ್ಮ ಹಿತ್ತಲಲ್ಲಿ ತೆಂಗಿನ ಕಡ್ಡಿಗಳಿಗೆ ಕೆಂಪು ಮೆಣಸಿನಕಾಯಿ, ಈರುಳ್ಳಿ ಚುಚ್ಚಿ ನೆಡುತ್ತಿದ್ದಾಳೆ, ಮದುವೆ ಮನೆಯಲ್ಲಿ ಮಳೆ ತಡೆಯಲು ನೆಡುವ ಹಾಗೆ. ಅದೂ ಸಾಲುಸಾಲಾಗಿ. ಕಿತ್ತುಹಾಕು, ಒದ್ದೆಯಲ್ಲೇ ನಾನು ಗೆಲ್ಲುವುದು ಎಂದು ಬೇಡಿಕೊಂಡೆ.

"ಗೆಲುವು ನಿಂದು, ಸರಿ. ಮೂಳೆ ನಾನು ಹೆತ್ತಿದ್ದು," ಅಂದಳು. "ಒಂದು ಕಡ್ಡಿ ಮುಟ್ಟು, ಕೈ ಮುರೀತೀನಿ."

ಮೂಳೆ ಉಳಿಸಲು ಕೈ ಮುರಿಯುವವಳು ನಮ್ಮಮ್ಮ ಒಬ್ಬಳೇ.

ಭಾನುವಾರ ರೇಸಿಗೆ ಸ್ವಲ್ಪ ಮೊದಲು ಕಡಲ ಕಡೆಯಿಂದ ಮೋಡ ನುಗ್ಗಿ ಜೋರಾಗಿ ಸುರಿಯಿತು. ಎಲ್ಲರೂ ಮಳೆ ಟೈರು ಹಾಕಿಸಿದರು. ಅಕ್ಕ, ಸ್ವಲ್ಪ ಹೊತ್ತಿನಲ್ಲೇ ನನ್ನ ಮುಂದೆ ಒಂದು ಬೈಕೂ ಇರಲಿಲ್ಲ, ಬರೀ ನೀರು. ಆಮೇಲೆ ನಲ್ಲಿ ತಿರುಗಿಸಿದ ಹಾಗೆ ಮಳೆ ನಿಂತಿತು. ಸುಡುವ ಬಿಸಿಲು. ಟ್ರ್ಯಾಕಿನಿಂದ ಹಬೆ ಏಳತೊಡಗಿತು. ಮಳೆ ಟೈರು ಮೆತ್ತಗಿರುತ್ತದೆ, ಒಣ ರಸ್ತೆಯಲ್ಲಿ ಸೋಪಿನಂತೆ ಸವೆಯುತ್ತದೆ. ನಿಂತು ಬದಲಿಸುವಷ್ಟರಲ್ಲಿ ರೇಸೇ ಮುಗಿದಿರುತ್ತದೆ. ಎಲ್ಲರಿಗಿಂತ ಜೋರಾಗಿ ಓಡಿಸಿದ್ದ ನನ್ನ ಟೈರೇ ಮೊದಲು ಹಾಳಾಗುವುದಿತ್ತು.

ಅದಕ್ಕೇ ನಾನು ನೀರು ಹುಡುಕಿದೆ. ನೇರ ದಾರಿ ಬಂದಾಗಲೆಲ್ಲ ಒಣಗಿದ ಜಾಗ ಬಿಟ್ಟು, ಅಂಚಿನಲ್ಲಿ ಉಳಿದ ನೀರಿನ ಮೇಲೆ ಓಡಿಸಿ ಟೈರು ತಣ್ಣಗೆ ಮಾಡಿಕೊಂಡೆ. ಕೊಮಾಂಗ್ ಅಣ್ಣ ಸವಾರರಿಗೆ ತೋರಿಸುವ ಹಲಗೆಯ ಮೇಲೆ 'ಎಲ್ಲಿಗೋ?' ಎಂದು ಬರೆದು ಹಿಡಿದಿದ್ದ. ಮರು ಸುತ್ತಿನಲ್ಲಿ ಅವನಿಗೂ ಅರ್ಥವಾಗಿ, ನೀರು ಉಳಿದ ಕಡೆಗೇ ಕೈ ತೋರಿಸುತ್ತಿದ್ದ. ಹಿಂದಿನವರೂ ನೋಡಿ ಕಲಿತರು, ಇದ್ದಷ್ಟು ನೀರೂ ಮುಗಿಯಿತು. ಕೊನೆಯ ಸುತ್ತು ಶುರುವಾದಾಗ ನಾನು ಮೂರನೆಯವನು. ಗುಡ್ಡದ ಮೇಲಿದ್ದ ನಮ್ಮೂರವರ ಕೂಗು ಹೆಲ್ಮೆಟ್ಟಿನೊಳಗೂ ಕೇಳಿಸಿತು.

ಆಮೇಲೆ ಪಾಕ್ ಸುಹಾರ್ದಿ ಬಂದು ಹಿಂದಿನ ಟೈರಿನ ಮೇಲೆ ಕೈಯಾಡಿಸಿದರು. ಚಿಂದಿ ಚಿಂದಿ.

"ಇದರ ಮೇಲೆ ಬೀಳದೆ ಹೆಂಗೋ ಬಂದೆ?" ಅಂದರು. ಕೈ ಒರೆಸಿಕೊಳ್ಳುತ್ತ, "ಮಳೆಗಾಲ ಪೂರ್ತಿ ನಂಗೆ ಟೈರು ಪರೀಕ್ಷೆ ಮಾಡೋಕೆ ಒಬ್ಬ ಬೇಕು. ಬರ್ತೀಯಾ?"

ಅವರು ಮಾತು ಮುಗಿಸುವ ಮೊದಲೇ ಹೂಂ ಅಂದೆ.

ಮಳೆ ನಿಂತದ್ದು ತನ್ನ ಮೆಣಸಿನಕಾಯಿಯಿಂದಲೇ ಎಂದು ಅಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನೂ ಹೌದು ಅಂದಿದ್ದೇನೆ. ಮಕ್ಕಳಿಗೆ ನನ್ನ ಮುತ್ತು.

ಸದ್ಯಕ್ಕೆ ಎಲ್ಲಿಗೂ ಹೊರಡದ ನಿನ್ನ ತಮ್ಮ,
ಸಹ್ನಾನ್

ಮರೆತ ಮಾತು: ಎಷ್ಟನೆಯವನಾದೆ ಎಂದು ನಾನು ಬರೆದಿಲ್ಲ, ನೀನು ಗಮನಿಸಿಯೇ ಇರುತ್ತೀಯ. ಆರನೆಯವನು. ಕೊನೆಯ ತಿರುವಿನಲ್ಲಿ ಟೈರು ಜಾರಿತು, ಮೂವರು ಒಟ್ಟಿಗೆ ದಾಟಿಹೋದರು. ಮುಂದಿನ ವರ್ಷದ ಬೈಕು ಜಕಾರ್ತದ ಒಬ್ಬ ಹುಡುಗನಿಗೆ ಹೋಯಿತು. ಟೈರು ಪರೀಕ್ಷೆಗೆ ಸಿಗುವುದು ಎರಡು ಹೊತ್ತಿನ ಊಟ, ಗ್ಯಾರೇಜಿನಲ್ಲಿ ಮಲಗಲು ಜಾಗ. ಇಷ್ಟು ಗೊತ್ತಾದ ಮೇಲೂ ಭಾವನಿಗೆ ಅದನ್ನೇ ಹೇಳು, ತೋಟದ ಕೆಲಸ ಬೇರೆಯವರಿಗೆ ಕೊಡಿಸಲಿ.