ಗೇಟಿನಿಂದ ಪೋರ್ಟಿಕೋವರೆಗೆ

ಫೆಬ್ರವರಿ 4, 2001. ಭಾನುವಾರ

ಇವರ ಮಾತ್ರೆ ಒಂದು ವಾರಕ್ಕಾಗುವಷ್ಟು ಡಬ್ಬಿಗೆ ತುಂಬಿಟ್ಟೆ. ಅತ್ತೆ ಮಂಡಿಗೆ ಎಣ್ಣೆ ಕಾಯಿಸಿಕೊಟ್ಟೆ. ಇವರು ಬೆಳಗ್ಗೆಯಿಂದ ಟೇಪ್ ಹಿಡಿದು ಗೇಟಿನಿಂದ ಪೋರ್ಟಿಕೋಗೆ ಹತ್ತುವ ರ‍್ಯಾಂಪ್ ಅಳೆಯುತ್ತಿದ್ದಾರೆ. ಉದ್ದ ಮೂವತ್ತು ಅಡಿ, ಏರು ಆರೂವರೆ. ಪಾಲಿಟೆಕ್ನಿಕ್‌ನಲ್ಲಿ ಡ್ರಾಯಿಂಗ್ ಮೇಷ್ಟ್ರಲ್ಲವೇ — ಗ್ರಾಫ್ ಹಾಳೆ ಮೇಲೆ ಗೆರೆ ಎಳೆದು, "ನೋಡು ಮಂಗಳಾ, ಉದ್ದದ ಕಾರಾದ್ರೆ ಮೇಲಿನ ತುದೀಲಿ ಹೊಟ್ಟೆ ತಾಗುತ್ತೆ" ಅಂದರು.

ಮಾವನವರು ಬಂಡೆ ಒಡೆಸೋದು ಬೇಡವೆಂದು ಬಂಡೆ ಮೇಲೇ ಮನೆ ಕಟ್ಟಿಸಿದ್ದರು. ಡಿಸೆಂಬರ್‌ನಲ್ಲಿ ಇವರಿಗೆ ಫಿಟ್ಸ್ ಬಂದ ದಿನ ಆಟೋದವನು ರ‍್ಯಾಂಪ್ ನೋಡಿ "ಹತ್ತಲ್ಲ ಕಣಮ್ಮ" ಅಂದುಬಿಟ್ಟ. ಅಕ್ಕಪಕ್ಕದವರು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಅರ್ಧದಲ್ಲಿ ಒಬ್ಬರ ಕಾಲು ಜಾರಿತು. 

ಅದಕ್ಕೇ ಕಾರು. ಆದರೆ ಓಡಿಸೋರು ಯಾರು? ಡಾಕ್ಟರು ಖಡಾಖಂಡಿತ ಹೇಳಿದ್ದಾರೆ — ಒಂದು ವರ್ಷ ಒಂದೂ ಫಿಟ್ಸ್ ಬರದಿದ್ದರೆ ಆಮೇಲೆ ನೋಡೋಣ, ಅಲ್ಲೀವರೆಗೆ ಸ್ಕೂಟರೂ ಬೇಡ. ಇದು ಗೊತ್ತಿರೋದು ನಮ್ಮಿಬ್ಬರಿಗೆ ಮಾತ್ರ. ಅತ್ತೆಗೆ ಇವರು "ವೀಕ್‌ನೆಸ್" ಅಂದಿದ್ದಾರೆ. ನಾನೂ ಹೂಂ ಅಂದೆ.

ಫೆಬ್ರವರಿ 11

ಶೋರೂಮಿಗೆ ಹೋಗಿದ್ದೆವು. ಮಗಳು ಬಿಂದುಗೆ ಕೆಂಪು ಬಣ್ಣವೇ ಬೇಕಂತೆ. ಅತ್ತೆ ಒಂದೊಂದು ಸೀಟಲ್ಲೂ ಕೂತು ಎದ್ದು ನೋಡಿದರು. "ತಗ್ಗಾದ್ರೆ ಏಳಕ್ಕಾಗಲ್ಲ ಕಣವ್ವ."

ಸೇಲ್ಸ್‌ನವನು ಕೇಳಿದ: "ಯಾರು ಸಾರ್ ಡ್ರೈವ್ ಮಾಡೋದು?"

"ನಾನೇ" ಅಂದರು ಇವರು. ನನ್ನ ಕಡೆ ನೋಡಲಿಲ್ಲ.

ನಾನು ಅಲ್ಲೇ ಹೇಳಬೇಕಿತ್ತು.  ಕ್ಯಾಟಲಾಗ್ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಫೆಬ್ರವರಿ 14, ಸಂಜೆ

ಸ್ಕೂಲಿನಲ್ಲಿ ಕೊನೇ ಪೀರಿಯಡ್ ನನಗೆ ಪಾಠ ಇರಲಿಲ್ಲ. ಯಾರಿಗೂ ಹೇಳದೆ ವಾಣಿವಿಲಾಸ ಮೊಹಲ್ಲಾದ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸೋರು ಚೆಲುವರಾಜು ಅಂತ, ಮೊದಲು ಲಾರಿ ಓಡಿಸುತ್ತಿದ್ದವರು. ನಮ್ಮ ರ‍್ಯಾಂಪಿನ ಅಳತೆ ಹೇಳಿದೆ. ತಲೆ ಕೆರೆದುಕೊಂಡರು.

"ಏರಲ್ಲಿ ನಿಲ್ಸಿ ಮತ್ತೆ ಎತ್ತೋದು ಬಂದ್ಬುಟ್ರೆ ಆಯ್ತು ಮೇಡಂ. ಅದು ಬರದಿದ್ರೆ ಯಾವ ಕಾರ್ ತಗೊಂಡ್ರೂ ಅಷ್ಟೇಯ."

ಮಾರ್ಚ್ 3

ಇವತ್ತು ಏರಿನಲ್ಲಿ ನಿಲ್ಲಿಸಿದರು. ಕ್ಲಚ್ ಬಿಟ್ಟೆ, ಇಂಜಿನ್ ಆಫ್. ಹಿಂದಕ್ಕೆ ಜಾರಿತು. ಕನ್ನಡಿಯಲ್ಲಿ ಸ್ಕೂಟಿ ಮೇಲೆ ಒಬ್ಬ ಹುಡುಗಿ — ಹತ್ತಿರ ಹತ್ತಿರ ಬಂದಳು. ಚೆಲುವರಾಜು ತಮ್ಮ ಕಡೆಯ ಬ್ರೇಕ್ ಒತ್ತಿದರು. "ಕಾಲು ಮರ್ತೋದ್ರೆ ಕೈ ಐತಲ್ಲ ಮೇಡಂ! ಹ್ಯಾಂಡ್‌ಬ್ರೇಕು!"

ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಾಳೆಯಿಂದ ಹೋಗಲ್ಲ.

ಮಾರ್ಚ್ 5

ಹೋದೆ.

ಮಾರ್ಚ್ 20

ಬಿಂದುಗೆ ಜಡೆ ಹಾಕುತ್ತಿದ್ದೆ. ಮೆಲ್ಲಗೆ ಹೇಳಿದಳು.

"ಅಮ್ಮ, ಅಪ್ಪ ನಿನ್ನೆ ಶೇವ್ ಮಾಡ್ತಾ ಮಾಡ್ತಾ ಸುಮ್ನೆ ನಿಂತ್ಬುಟ್ರು. ಕರೆದ್ರೂ ಓಗೊಡ್ಲಿಲ್ಲ. ಕಣ್ಣು ಬಿಟ್ಕೊಂಡೇ ಇದ್ರು."

"ಎಷ್ಟು ಹೊತ್ತು?"

"ನಲ್ಲಿ ನೀರು ಮಗ್ ತುಂಬಿ ಚೆಲ್ಲೋವರೆಗೂ. ಯಾರಿಗೂ ಹೇಳ್ಬೇಡ ಅಂದ್ರು."

ಒಂಬತ್ತು ವರ್ಷದ ಮಗು. ಅದರ ಕೈಲೂ ಮುಚ್ಚಿಡಿಸುತ್ತಿದ್ದೇವೆ.

ಇವರನ್ನು ಕೇಳಿದೆ. "ಏನೋ ಯೋಚನೆ ಮಾಡ್ತಿದ್ದೆ ಕಣೆ. ಎಲ್ಲದಕ್ಕೂ ಹೆದರ್ತೀಯಲ್ಲ!" ನಕ್ಕರು. ಗದ್ದದ ಮೇಲೆ ಬ್ಲೇಡಿನ ಗೀರು.

ಮಾರ್ಚ್ 24

ಲೈಸೆನ್ಸ್ ಟೆಸ್ಟ್ ಪಾಸಾದೆ. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಇವರಿಗೆ ಹೇಗನ್ನಿಸುತ್ತೋ... ನಿಮ್ಮ ಕೈಲಿ ಆಗಲ್ಲ ಅಂತ ನಾನೇ ಮುಖಕ್ಕೇ ಹೇಳಿದ ಹಾಗಲ್ಲವೇ.

ಮಾರ್ಚ್ 28

ಯುಗಾದಿ ಮುಗಿಸಿ ಕಾರು ತಂದರು. ಬಿಳೀ ಮಾರುತಿ 800. ಕೊಳ್ಳುವ ಮೊದಲು ನಾವು ನಾಲ್ಕೂ ಜನ ಕೂತು, ಶೋರೂಮಿನವನ ಕೈಲಿ ರ‍್ಯಾಂಪಿನ ನಡುವೆ ನಿಲ್ಲಿಸಿ ಮತ್ತೆ ಎತ್ತಿಸಿ ನೋಡಿದ್ದು ಇದೊಂದನ್ನೇ. ಗಿಡ್ಡ ಕಾರು, ತುದಿಯಲ್ಲಿ ತಳ ತಾಗಲಿಲ್ಲ. ಶೋರೂಮಿನವರೇ ಹತ್ತಿಸಿ ಪೋರ್ಟಿಕೋದಲ್ಲಿ ನಿಲ್ಲಿಸಿ ಹೋದರು. ಅತ್ತೆ ವಿಭೂತಿ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟರು.

ಕೀ ಎರಡು. ಒಂದನ್ನು ನನ್ನ ಸ್ಕೂಲ್ ಬ್ಯಾಗಿಗೆ ಹಾಕಿಕೊಂಡೆ. ಇನ್ನೊಂದು ಇವರ ಜೇಬಿನಲ್ಲಿದೆ. ಸದ್ದು ಕೇಳುತ್ತಿರುತ್ತೆ.

ಏಪ್ರಿಲ್ 8, ಭಾನುವಾರ. ಮಧ್ಯಾಹ್ನ ಎರಡು

ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಬೆಳಗ್ಗೆ ಹತ್ತೂವರೆ. ಅತ್ತೆ ಗೇಟಿನ ಹತ್ತಿರ ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿದ್ದರು. ಸೊಪ್ಪಿನವಳು ಹೋದಳು, ಅತ್ತೆ ಕಂತೆ ಹಿಡಿದು ಅಲ್ಲೇ ನಿಂತಿದ್ದರು. ನಾನು ಅಡುಗೆಮನೆಯಲ್ಲಿ. ಕಾರಿನ ಸದ್ದು. ಕಿಟಕಿಯಿಂದ ನೋಡಿದರೆ ಇವರು ರಿವರ್ಸ್‌ನಲ್ಲಿ ಇಳಿಸುತ್ತಿದ್ದಾರೆ, ಪಕ್ಕದಲ್ಲಿ ಬಿಂದು. ಓಡಿದೆ.

ರ‍್ಯಾಂಪಿನ ನಡುವೆ ಕಾರು ನಿಂತಿತು. ಇವರ ಮುಖ ನೋಡಿದೆ. ಕಣ್ಣು ತೆರೆದಿದ್ದವು, ಅವರು ಅಲ್ಲಿರಲಿಲ್ಲ. ತುಟಿ ಏನೋ ಜಗಿಯುವ ಹಾಗೆ ಆಡುತ್ತಿತ್ತು. ಬ್ರೇಕಿನ ಮೇಲಿನ ಕಾಲು ಸಡಿಲಾಯಿತು. ಕಾರು ನಿಧಾನ ಹಿಂದಕ್ಕೆ.

"ಅಪ್ಪಾ! ಅಪ್ಪಾ!" ಬಿಂದು ಕಿರುಚುತ್ತಿದ್ದಾಳೆ. ಕೆಳಗೆ ಅತ್ತೆ "ಸಿದ್ಲಿಂಗಾ, ನಿಲ್ಸೋ" ಅನ್ನುತ್ತಾ ಹಿಂದೆ ಸರಿಯಲು ನೋಡುತ್ತಿದ್ದಾರೆ, ಕಾಲು ಏಳುತ್ತಿಲ್ಲ.

ಬಾಗಿಲು ಹೇಗೆ ತೆಗೆದೆನೋ. ಇವರ ತೊಡೆ ಮೇಲೆ ಅಡ್ಡ ಬಿದ್ದು, ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ನನ್ನ ಕಾಲು ಕಾಂಕ್ರೀಟಿನ ಮೇಲೆ ಉಜ್ಜಿಕೊಂಡು ಹೋಯಿತು. ನಿಂತಿತು.

ಅತ್ತೆಗೂ ಕಾರಿಗೂ ನಡುವೆ ಒಂದು ಮಾರು.

ಇವರು ಕಣ್ಣು ಪಿಳುಕಿಸಿದರು. "ಏನಾಯ್ತು? ಯಾಕೆ ನನ್ನ ಮೇಲೆ ಬಿದ್ದಿದೀಯ?"

ಅವರಿಗೆ ಏನೂ ಗೊತ್ತಿಲ್ಲ.

ಅಲ್ಲೇ, ರ‍್ಯಾಂಪಿನ ಮೇಲೆ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಅತ್ತೆಗೆ ಹೇಳಿಬಿಟ್ಟೆ. ಅವರು ಮಗನನ್ನು ಬೈಯಲಿಲ್ಲ. ನನ್ನನ್ನೇ ನೋಡಿ ಅಂದರು: "ಅವ್ನು ಮುಚ್ಚಿಟ್ಟ, ಗಂಡಸು, ನಾಚ್ಕೆ. ನೀನ್ಯಾಕವ್ವ ಮುಚ್ಚಿಟ್ಟೆ? ಈ ಮಗೀನೂ ಒಳಗಿತ್ತಲ್ಲ."

ಎದ್ದು ಚಕ್ರಕ್ಕೆ ಕಲ್ಲು ಹುಡುಕಲು ಹೋದೆ. 

ಅದೇ ದಿನ, ಸಂಜೆ ಆರು

ಕಾರು ಅರ್ಧದಲ್ಲೇ ಇತ್ತು, ಚಕ್ರಕ್ಕೆ ಕಲ್ಲು ಕೊಟ್ಟು. ಯಾರೂ ಊಟ ಮಾಡಿರಲಿಲ್ಲ. ನಾಲ್ಕೂವರೆಗೆ ಇವರು ಬಂದು ಕೀ ಮೇಜಿನ ಮೇಲಿಟ್ಟರು.

"ಡ್ರೈವರ್ ಯಾರನ್ನಾದ್ರೂ ಕರೀಬೇಕು."

"ಬೇಡ ರೀ. ನಂಗೆ ಬರುತ್ತೆ."

ಲೈಸೆನ್ಸ್ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಫೋಟೋ ಚೆನ್ನಾಗಿಲ್ಲ" ಅಂದರು. 

ಪಕ್ಕದಲ್ಲಿ ಕೂತರು. ಕೈ ಎರಡನ್ನೂ ಮಂಡಿ ನಡುವೆ ಸಿಕ್ಕಿಸಿಕೊಂಡು. ಹ್ಯಾಂಡ್‌ಬ್ರೇಕ್ ಇಳಿಸಿ ಕ್ಲಚ್ ಬಿಟ್ಟೆ. ಒಂದು ಸಲ ಆಫ್ ಆಯಿತು, ಗೇಣುದ್ದ ಜಾರಿತು.  ಎರಡನೇ ಸಲ ಹತ್ತಿತು.

ಇಳಿದು ಗುಲಾಬಿ ಕುಂಡದ ಪಕ್ಕ ವಾಂತಿ ಮಾಡಿಕೊಂಡೆ.

ಏಪ್ರಿಲ್ 12

ಇವರನ್ನು ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕೇಳುವ ಮೊದಲೇ ಇವರು ಜೇಬಿನಿಂದ ಗ್ರಾಫ್ ಹಾಳೆ ತೆಗೆದರು. ಜನವರಿಯಿಂದ ಇಲ್ಲೀವರೆಗೆ — ತಾರೀಖು, ಗಂಟೆ. ಹೀಗಾಗಿದೆ ಅಂತ ಆಮೇಲೆ ಅವರಿಗೆ ಗೊತ್ತಾದದ್ದೇ ಹನ್ನೊಂದು ಸಲ.

ನನಗೆ ಗೊತ್ತಿದ್ದದ್ದು ಎರಡು.

ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಹಿಡಿತಕ್ಕೆ ಬರುತ್ತೆ, ಹೊತ್ತು ಹಿಡಿಯುತ್ತೆ ಅಂದರು. ವಾಪಸ್ ಬರುವಾಗ ಇವರು "ಇನ್ಮೇಲೆ ಬಂದ್ರೆ ಹೇಳ್ತೀನಿ, ಆಣೆ" ಅಂದರು. ಬಂದದ್ದು ಅವರಿಗೇ ತಿಳಿಯದಿದ್ದರೆ?  ರಸ್ತೆ ನೋಡಿಕೊಂಡು ಓಡಿಸಿದೆ.

ಈಗ ವರಾಂಡದಲ್ಲಿ ಪೇಪರ್ ಓದುತ್ತಿದ್ದಾರೆ. ಇಲ್ಲಿಂದ ಬೆನ್ನು ಮಾತ್ರ ಕಾಣುತ್ತೆ. ಪುಟ ಮಗುಚಿದ ಸದ್ದು ಕೇಳಿ ಸುಮಾರು ಹೊತ್ತಾಯ್ತು. ಕರೆದರೆ ಸುಮ್ಮನೆ ಹೆದರ್ತೀಯ ಅಂತಾರೆ... ಕರೆದೆ.

ಇನ್ನೊಂದು ಸಲ ಕರೆದೆ. ಬೆನ್ನು ಅಲುಗಲಿಲ್ಲ; ಪೆನ್ನು ಇಟ್ಟು ಅಲ್ಲಿಗೆ ಹೋಗುತ್ತಿದ್ದೇನೆ.