ದೇವರಿಗೊಂದು ‘ರಿ’

ಮನೂರು, ನಾರಾಯಣಖೇಡದ ಹತ್ತಿರ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮಗ ಪ್ರಸಾದನಿಗೆ,

ಕರ್ತನು ನಿನ್ನನ್ನು ಬಿಸಿಲಲ್ಲೂ ಧೂಳಲ್ಲೂ ಕಾಯಲಿ. ಪುಣೆಯಲ್ಲಿ ನೆಲಕ್ಕೆ ಫರಶಿ ಕಲ್ಲು ಕೂಡಿಸಿ ಕೂಡಿಸಿ ನೋಯುತ್ತಿದ್ದ ಮೊಣಕಾಲು ಈಗ ಹೇಗಿದೆ? ಕೆಳಗೆ ಗೋಣಿಚೀಲ ಮಡಚಿ ಹಾಕಿಕೊಳ್ಳಲು ನಾಚಿಕೆ ಪಡುತ್ತೀಯಂತೆ, ರಜೆಗೆ ಬಂದ ನಿನ್ನ ಜೊತೆಗಾರ ದತ್ತು ಹೇಳಿದ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನನ್ನ ಮೊಣಕಾಲಂತೂ ಮುಗಿದ ಕಥೆ. ಆಟೋ ಹತ್ತುವಾಗ ಒಬ್ಬರು ಎಳೆಯಬೇಕು, ಒಬ್ಬರು ನೂಕಬೇಕು. ಫೋನಿನಲ್ಲಿ ಹೇಳದೆ ಕಾಗದವೇಕೆ ಎಂದು ಕೇಳುವೆ. ಫೋನು ಇರುವುದು ನಿನ್ನ ಹೆಂಡತಿಯ ಕೈಯಲ್ಲಿ, ಮನೆಗೆ ಇರುವುದು ಒಂದೇ ಕೋಣೆ, ಸುದ್ದಿಯೂ ಅವಳದೇ. ದತ್ತು ಇವತ್ತು ಸಂಜೆ ಜಹೀರಾಬಾದಿನಲ್ಲಿ ಪುಣೆ ಬಸ್ಸು ಹಿಡಿಯುತ್ತಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ನಿಮ್ಮಪ್ಪ ತೀರಿಹೋದ ಮೇಲೆ, ಅವರು ನಡೆಸುತ್ತಿದ್ದ ಇಲ್ಲಿನ ಸಭೆಯನ್ನು ನಾನೇ ನಡೆಸಿಕೊಂಡು ಬಂದೆ. ‘ನಾ ಬರೋತನಕ ಸಂಭಾಳಸವ್ವಾ’ ಎಂದು ನೀನು ಹೇಳಿ ಹೋದೆ, ಸಂಭಾಳಿಸಿದೆ. ಈಗ ಕಾಲು ನನ್ನ ಮಾತು ಕೇಳುವುದಿಲ್ಲ. ಹೋದ ಕ್ರಿಸ್‌ಮಸ್ ಕಳೆದ ಮೇಲೆ ಜಹೀರಾಬಾದಿನ ಪಾಸ್ಟರ್ ಅಯ್ಯನವರು, ಯಾರನ್ನಾದರೂ ತಯಾರು ಮಾಡಿ ಅಮ್ಮಾ ಎಂದರು. ನಾನು ದೂರ ಹುಡುಕಲು ಹೋಗಲಿಲ್ಲ. ನನ್ನನ್ನು ಆಟೋಗೆ ಹತ್ತಿಸಲು ನಿನ್ನ ಹೆಂಡತಿ ಅರ್ಪಿತಾ ಹೇಗೂ ಜೊತೆಗೆ ಬರುತ್ತಿದ್ದಳು. ಪಾಠ ಗೀಠ ಏನೂ ಹೇಳಲಿಲ್ಲ. ಕಾಯಿಲೆಯವರ ಮನೆಗೆ ಕರೆದುಕೊಂಡು ಹೋಗುವುದು, ಹೊರಗೆ ಬಂದ ಮೇಲೆ ‘ಏನ್ ನೋಡ್ದಿ?’ ಎಂದು ಕೇಳುವುದು, ಇಷ್ಟೇ. ಮೊದಮೊದಲು ‘ಏನಿಲ್ರಿ ಅತ್ತಿ’ ಎನ್ನುತ್ತಿದ್ದಳು. ಬರುಬರುತ್ತಾ, ಒಲೆ ಹಚ್ಚಿರಲಿಲ್ಲ, ಸೊಸೆ ಬಾಗಿಲ ಹಿಂದೆ ಅಳುತ್ತಿದ್ದಳು ಎಂದು ನನ್ನ ಕಣ್ಣಿಗೆ ಬೀಳದ್ದನ್ನೂ ಹೇಳತೊಡಗಿದಳು.

ಬೇಸಿಗೆಯಲ್ಲಿ ಬಂಡಮ್ಮನ ಗಂಡ ಹಾಸಿಗೆ ಹಿಡಿದಾಗ ಮೊದಲ ಸಲ ಅರ್ಪಿತಾಳಿಗೆ ಪ್ರಾರ್ಥನೆ ಮಾಡು ಎಂದೆ. ನಮ್ಮಲ್ಲಿ ಪ್ರಾರ್ಥನೆ ಎಂದರೆ ಪುಸ್ತಕದ ಕನ್ನಡ, ದೇವರಿಗೆ ‘ನೀನು’. ಇವಳು ಕಣ್ಣು ಮುಚ್ಚಿ, ‘ಯೇಸಪ್ಪಾ, ಒಳಗ ಬರ್ರಿ. ನೆಲ ಈಗ ಸಾರಿಸ್ಯಾರ, ಜ್ವಾಕಿ ಬರ್ರಿ. ಇಲ್ಲಿ ಬಂಡಮ್ಮನ ಬಾಜೂಕ ಕೂಡ್ರಿ, ಆಕಿ ನಿದ್ದಿ ಮಾಡಿಲ್ರಿ’ ಎಂದಳು, ಮನೆಗೆ ಬಂದ ಮಾವನನ್ನು ಮಾತಾಡಿಸಿದ ಹಾಗೆ. ಹುಡುಗಿಯರು ಮುಸಿಮುಸಿ ನಕ್ಕರು. ಸಭೆಯ ಹಿರಿಯರು, ನಮ್ಮ ಗಂಗಾರಾಮ ಕಾಕಾ, ಅಲ್ಲೇ ಎಲ್ಲರ ಎದುರಿಗೆ, ‘ದೇವರಿಗಿ ರಿ ಹಚ್ಚಬಾರ್ದವ್ವಾ, ಗ್ರಂಥದಾಗ ನೀನು ಅಂತ ಅದ’ ಎಂದರು. ಗ್ರಂಥದಲ್ಲಿ ಹಾಗೇ ಇದೆ, ಕಾಕಾ ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟರಲ್ಲಿ ಬಂಡಮ್ಮ ಪಕ್ಕಕ್ಕೆ ಸರಿದು, ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದಳು. ನಾನು ನೋಡಿದೆ, ಕಾಕಾ ನೋಡಲಿಲ್ಲ.

ಆಮೇಲೆ ಅರ್ಪಿತಾ ಪುಸ್ತಕದ ಪ್ರಾರ್ಥನೆ ಬಾಯಿಪಾಠ ಮಾಡಿದಳು. ಒಂದು ಭಾನುವಾರ ‘ಓ ಕರ್ತನೇ, ನೀನು’ ಎಂದು ಶುರು ಮಾಡಿ ಅಲ್ಲಿಗೇ ನಿಂತುಬಿಟ್ಟಳು. ಮುಂದಿನ ಮಾತು ನನಗೆ ಗೊತ್ತಿತ್ತು, ಹೇಳಿಕೊಡಲಿಲ್ಲ. ಮರುಕ ಬರಲಿಲ್ಲವೆಂದಲ್ಲ, ಬಹಳ ಬಂತು. ಆದರೆ ನಾನು ಹೇಳಿಕೊಟ್ಟರೆ ನಾಳೆ ಯಾರು ಹೇಳಿಕೊಡುತ್ತಾರೆ? ಹಿಂದಿನಿಂದ ಬಂಡಮ್ಮ, ‘ಅದಾ ರಿ ಹಚ್ಚಿ ಮಾಡ್ತೀಯಲಾ, ಅದು ಮಾಡವ್ವಾ, ನಮಗ ಅದು ತಿಳೀತದ’ ಎಂದಳು. ಅಂದಿನಿಂದ ‘ರಿ’ ಉಳಿಯಿತು. ಕಾಕಾ ಆ ಹೊತ್ತಿಗೆ ಸರಿಯಾಗಿ ಕೆಮ್ಮುತ್ತಾರೆ, ಅಷ್ಟೇ.

ಹೋದ ತಿಂಗಳು ತಾಂಡೂರಿನಲ್ಲಿ ಹೊಸ ಮುಂದಾಳುಗಳಿಗೆ ತರಬೇತಿ ಇತ್ತು, ಅಯ್ಯನವರು ಇವಳನ್ನೂ ಕಳಿಸಿದರು. ಯಾರು ಯಾರು ಮುಂದಾಳಾಗುತ್ತೀರಿ, ಕೈ ಎತ್ತಿ ಎಂದಾಗ ಗಂಡಸರೆಲ್ಲ ಎತ್ತಿದರಂತೆ. ಇವಳು ಬೇಳೆ ಸೀದ ವಾಸನೆ ಬಂತೆಂದು ಅಡುಗೆಮನೆಗೆ ಓಡಿದಳಂತೆ. ಅಯ್ಯನವರು ಅದನ್ನು ಹೇಳಿ ಹೇಳಿ ನಗುತ್ತಾರೆ. ಮೊನ್ನೆ ಭಾನುವಾರ ನಮ್ಮ ಸಭೆಗೆ ಇನ್ನು ಯಾರು ಮುಂದಾಳು ಎಂದು ನಾರಾಯಣಖೇಡದಲ್ಲಿ ಕಮಿಟಿ ಕೂತಿತು. ಅಪ್ಪನ ಜಾಗ ಮಗನಿಗೆ ಎಂದು ಕಾಕಾ ನಿನ್ನ ಹೆಸರು ಹೇಳಿದರು. ಅಯ್ಯನವರು ಅರ್ಪಿತಾಳ ಹೆಸರು ಹೇಳಿದರು. ನನ್ನನ್ನು ಕೇಳಿದಾಗ ನಾನೂ ಅವಳದೇ ಹೇಳಿದೆ. ನಿನಗೆ ಬೇಸರವಾದೀತು, ಆಗಲಿ. ಅವಳು ಮಾತ್ರ ತಲೆ ತಗ್ಗಿಸಿ, ‘ಅವರಿಗಿ ಕೇಳಿ ಹೇಳ್ತೀನ್ರಿ’ ಎಂದಳು. ಅವರು ಎಂದರೆ ನೀನು. ಬರುವ ಭಾನುವಾರದೊಳಗೆ ಉತ್ತರ ಕೊಡಬೇಕಂತೆ.

ಬಂಡಮ್ಮ ಕೊಟ್ಟ ತೊಗರಿಬೇಳೆ ದತ್ತುವಿನ ಚೀಲದಲ್ಲಿದೆ, ಬಂದವರಿಗೆಲ್ಲ ಹಂಚಿ ಕೂಡಬೇಡ. ಜೊತೆಯ ಹುಡುಗರಿಗೆಲ್ಲ ನನ್ನ ಆಶೀರ್ವಾದ ತಿಳಿಸು. ನಿನ್ನ ಕೈಕಾಲು ಗಟ್ಟಿಯಿರಲಿ, ಕರ್ತನ ದಯೆ ನಿನ್ನ ಮೇಲಿರಲಿ.

ನಿನ್ನ ಅವ್ವ,
ಭೀಮಮ್ಮ

ತಾ.ಕ.: ದತ್ತು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಅವಳು ಶನಿವಾರ ಫೋನ್ ಮಾಡುತ್ತಾಳೆ. ಬೇಡವೆನ್ನುವುದಿದ್ದರೆ ಬಾಯಿಬಿಟ್ಟು ಬೇಡ ಎನ್ನು, ಅದಕ್ಕೆ ನಾನು ಉತ್ತರ ಕೊಡುತ್ತೇನೆ. ‘ನಿನ್ನಿಷ್ಟ’ ಎಂದು ಮಾತ್ರ ಹೇಳಬೇಡ. ನೀನು ತೊಟ್ಟಿಲಲ್ಲಿದ್ದಾಗ ಆಗಿನ ಪಾಸ್ಟರ್ ಸಭೆ ನಡೆಸುತ್ತೀಯಾ ಎಂದು ನನ್ನನ್ನೂ ಹೀಗೇ ಕೇಳಿದ್ದರು. ನಿಮ್ಮಪ್ಪ ‘ನಿನ್ನಿಷ್ಟ’ ಎಂದು ಗೋಡೆಯ ಕಡೆ ಹೊರಳಿ ಮಲಗಿದರು. ಅವರು ಇರುವವರೆಗೂ ನಾನು ಸಭೆಗೆ ಬರೀ ಜಮಖಾನಿ ಹಾಸಿದೆ.