ಡಮ್ಮಿ ಸಾಲು

ಫೆಬ್ರವರಿ ೬

ದಂತವೈದ್ಯರ ಕಟ್ಟಡದ ಲಿಫ್ಟು ಇಂದೂ ಮಹಡಿಗೆ ಸಮನಾಗಿ ನಿಲ್ಲಲಿಲ್ಲ. ಒಂದು ಬೆರಳಿನಷ್ಟು ಕೆಳಗೆ. ಬ್ರೇಕಿನ ಪಟ್ಟಿ ಸವೆದಿದೆ. ಬದಲಾಯಿಸುವವರೆಗೆ ಓಡಿಸಕೂಡದೆಂದು ಬರೆದುಕೊಟ್ಟೆ. ಮ್ಯಾನೇಜರಿಗೆ ಅಸಮಾಧಾನ.

"ಒಂದು ಬೆರಳು ತಾನೇ ಸಾರ್, ಜನ ಕಾಲೆತ್ತಿ ಇಡ್ತಾರೆ ಬಿಡಿ."

ಜನ ಎಡವುವುದು ಆ ಒಂದು ಬೆರಳಿಗೇ. ಹೇಳಲಿಲ್ಲ. ಬೀಗ ಹಾಕಿ ಬಂದೆ.

ಮನೆಗೆ ಬರುವಷ್ಟರಲ್ಲಿ ಕವಿಯ ವಾಯ್ಸ್ ಮೆಸೇಜು. ಹಾಸ್ಟೆಲಿನ ಕಾಲದಿಂದ ನನಗೆ ಅವನು ಕವಿ, ಹಾಡಿನ ಮಾತ್ರೆ ಎಣಿಸುವ ನಾನು ಅವನಿಗೆ ಮೀಟರ್. ದೂರದ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಕೌಂಟರಿನ ಹಿಂದೆ ನಿಂತು ಮಾತ್ರೆಯ ಡಬ್ಬಿಗಳ ಮೇಲೆ ಹಾಡು ಬರೆಯುತ್ತಾನೆ. ನಾನು ಇಲ್ಲಿಂದ ಟ್ಯೂನು ಕಟ್ಟಿ ಕಳಿಸುತ್ತೇನೆ. ಎದುರು ಕುಳಿತು ಒಂದು ಹಾಡನ್ನೂ ಮಾಡಿದವರಲ್ಲ.

"ಲೋ ಮೀಟರ್, ಸಿನಿಮಾದವರು ಬ್ರೇಕಪ್ ಹಾಡು ಕೇಳ್ತಿದಾರೆ. ಹುಡುಗಿ ಅಳಬಾರದಂತೆ, ಬೈಬಾರದಂತೆ, ಆದ್ರೂ ಕೇಳಿದೋರ ಹೊಟ್ಟೆ ಕಿವುಚಬೇಕಂತೆ. ನಾವಿಬ್ರೂ ಮದುವೆಯಾಗಿ ಮುದಿಯಾದೋರು. ಈಗ ಯಾರನ್ನ ಬಿಟ್ಟು ಬರೋಣ ಹೇಳು?"

ಸ್ಪೀಕರಿನಲ್ಲಿ ಹಾಕಿದ್ದೆ. ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳಿಸಿತು. ಸಾಮಾನ್ಯವಾಗಿ ಕವಿಯ ಮಾತಿಗೆ ನಗುತ್ತಾಳೆ. ಇಂದು ನಗಲಿಲ್ಲ. ಕೈ ಒರೆಸಿಕೊಂಡು ಬಂದು ಎದುರು ಕುಳಿತಳು. ಭಾನುವಾರ ಅಕ್ಕನ ಮನೆಗೆ ಹೋಗುತ್ತೇನೆ ಎಂದಳು.

ಎಷ್ಟು ದಿನಕ್ಕೆ ಎಂದು ಕೇಳಿದೆ.

"ದಿನದ ಮಾತಲ್ಲ ಇದು. ಅಲ್ಲೇ ಹತ್ತಿರ ಮನೆ ನೋಡ್ತೀನಿ."

ಫೆಬ್ರವರಿ ೮

ಕಾರಣ ಕೇಳಿದೆ. ಎರಡು ದಿನ ಬೇಕಾಯಿತು ಅದನ್ನು ಕೇಳಲು.

"ನಿಮ್ಮ ಮೇಲೆ ಸಿಟ್ಟಿಲ್ಲ ನಂಗೆ. ಸಿಟ್ಟು ಬರಬೇಕಾದ್ರೂ ಎದುರಿಗಿರೋರು ಏನಾದ್ರೂ ಒಂದು ಮಾತಾಡಬೇಕಲ್ಲ. ಆಸ್ಪತ್ರೇಲಿ ದಿನಾ ಪೇಷೆಂಟುಗಳ ಕೈಕಾಲು ಆಡಿಸ್ತೀನಿ. ಅವರು ನೋವಾದ್ರೆ ನೋವು ಅಂತಾರೆ. ಮನೆಗೆ ಬಂದ್ರೆ ನೀವು. ನೋವೂ ಇಲ್ಲ, ನಲಿವೂ ಇಲ್ಲ."

ಉತ್ತರವಾಗಿ ಹೇಳಬೇಕಾದದ್ದು ಬಹಳ ಇತ್ತು. ಕ್ರಮವಾಗಿ ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸುವಷ್ಟರಲ್ಲಿ ಅವಳು ಎದ್ದು ಬಟ್ಟೆ ಮಡಿಸಲು ಹೋದಳು.

ಫೆಬ್ರವರಿ ೯

ಹೋದಳು. ಎರಡು ಸೂಟ್‌ಕೇಸು, ಒಂದು ಹೆಗಲ ಚೀಲ. ಕೆಳಗೆ ಅಕ್ಕನ ಕಾರು.

ರಿಪೇರಿಗೆಂದು ಒಂದು ಕಂಟ್ರೋಲ್ ಬೋರ್ಡು ಮನೆಗೆ ತಂದಿದ್ದೆ. ಅವಳು ಹೊರಡುವಾಗ ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಸೋಲ್ಡರಿಂಗ್ ಐರನ್. ಮೇಜಿನ ಮೇಲೆ ಇಡಲು ಜಾಗವಿತ್ತು. ಇಡಲಿಲ್ಲ.

"ಗ್ಯಾಸ್ ಆಫ್ ಮಾಡಿದೀನಿ. ಬಾಗಿಲು ನೀವೇ ಹಾಕ್ಕೊಳ್ಳಿ."

ಆಯಿತು ಎಂದೆ. ಅಂದೆನೋ, ಅನ್ನಬೇಕೆಂದುಕೊಂಡೆನೋ… ಗೊತ್ತಾಗುತ್ತಿಲ್ಲ.

ಫೆಬ್ರವರಿ ೧೨

ಟ್ಯೂನು ಸಿಕ್ಕಿತು. ಲಿಫ್ಟಿನ ಮೆಷಿನ್ ರೂಮಿನಲ್ಲಿ, ಮೋಟರು ನಿಂತ ನಂತರದ ಮೌನದಲ್ಲಿ. ನಾಲ್ಕು ಮಾತ್ರೆ, ನಾಲ್ಕು, ನಾಲ್ಕು. ಅನಂತರ ಒಂದೇ ಅಕ್ಷರ, ಮೇಲಕ್ಕೆ ಎಳೆದು ಅಲ್ಲೇ ಬಿಡುವುದು.

ಕವಿಗೆ ತನನ ಎಂದು ಹಾಡಿ ಕಳಿಸಿದರೆ ಆಗದು. "ತನನಕ್ಕೆ ಮುಖ ಇರಲ್ಲ ಕಣೋ" ಎನ್ನುತ್ತಾನೆ. ಹೀಗಾಗಿ ಮಾತ್ರೆಗೆ ಸರಿಹೊಂದುವ ಯಾವುದಾದರೂ ಮಾತನ್ನು ತಾತ್ಕಾಲಿಕವಾಗಿ ಕೂರಿಸುತ್ತೇನೆ. ಡಮ್ಮಿ ಸಾಲು. ಅವನ ಅತ್ಯಂತ ಜನಪ್ರಿಯ ಪ್ರೇಮಗೀತೆ ನನ್ನಿಂದ ಹೋದಾಗ 'ಮೂರನೆ ಮಹಡಿಯ ಬಟನ್ನು ಕೆಟ್ಟಿದೆ' ಎಂದಿತ್ತು. ಅವನು ಡಮ್ಮಿಯನ್ನು ತೆಗೆದು ತನ್ನ ಮಾತು ಕೂರಿಸುತ್ತಾನೆ. ಯಾವಾಗಲೂ ತೆಗೆದಿದ್ದಾನೆ.

ಇಂದು ಬಾಯಿಗೆ ಬಂದದ್ದು ಅವಳ ಮಾತು. ಬಾಗಿಲು, ನೀವೇ, ಹಾಕ್ಕೊ, ಕೊನೆಗೆ ಳ್ಳಿ. ನಾಲ್ಕು, ನಾಲ್ಕು, ನಾಲ್ಕು, ಎಳೆತ. ಅಳೆದು ಹೊಲಿದ ಹಾಗೆ ಕೂತಿತು. ಅಳತೆ ಸರಿಯಾಯಿತೆಂಬ ಸಮಾಧಾನದಲ್ಲಿ ರೆಕಾರ್ಡು ಮಾಡಿ ಕಳಿಸಿಬಿಟ್ಟೆ. ಕಳಿಸಿದ ಮೇಲೆ, ಅಳಿಸಿಬಿಡಲೇ ಎಂದುಕೊಂಡೆ. ಆದರೂ ಡಮ್ಮಿ ತಾನೆ.

ಫೆಬ್ರವರಿ ೧೩

ಕವಿಯ ಫೋನು. ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ಪು ಕೇಳುತ್ತಿದ್ದರು. "ಒಂದ್ನಿಮಿಷ ಕೆಮ್ಮುತಾ ಇರಿ ಯಜಮಾನ್ರೇ" ಎಂದು ಅವರಿಗೆ ಹೇಳಿ ನನ್ನೊಡನೆ ಮಾತು.

"ಎಲ್ಲಿಂದ ತಂದೆಯೋ ಇದನ್ನ?"

"ಯಾವುದನ್ನು?"

"ಆ ಸಾಲು. ಬಾಗಿಲು ನೀವೇ ಹಾಕ್ಕೊಳ್ಳಿ. ಲೋ, ಪ್ರೇಮಗೀತೇಲಿ ಎಲ್ಲರೂ ನೀನು ನೀನು ಅಂತ ಸಾಯ್ತಾರೆ. ಇವಳು ನೀವು ಅಂತಾಳೆ. ಬಿಟ್ಟು ಹೋಗುವಾಗಲೂ ಮರ್ಯಾದೆ ಬಿಡಲ್ಲ. ಇದೇ ಪಲ್ಲವಿ. ಮುಟ್ಟಲ್ಲ ನಾನು."

"ಅದು ಡಮ್ಮಿ."

"ಡಮ್ಮಿ ನೀನು. ಇದು ಚಿನ್ನ."

ಎಲ್ಲಿಂದ ಬಂತೆಂದು ಮತ್ತೆ ಕೇಳಿದ. ಹೀಗೇ, ಎಂದೆ.

ಫೆಬ್ರವರಿ ೧೫

ಬದಲಿ ಸಾಲುಗಳನ್ನು ನಾನೇ ಬರೆದು ಕಳಿಸಿದೆ. ಎಲ್ಲವೂ ಮಾತ್ರೆಗೆ ಸರಿಯಿದ್ದವು. ಕವಿಯ ಉತ್ತರ: "ಓದಿದೆ. ನೀರಿನ ಬಿಲ್ ಕಟ್ಟದವರಿಗೆ ಕಳಿಸೋ ನೋಟೀಸ್ ಥರ ಇವೆ. ನೀನು ಲಿಫ್ಟ್ ನೋಡ್ಕೋ."

ಜೊತೆಗೆ ಅವನ ಎರಡನೆಯ ಸಾಲೂ ಬಂತು. 'ದೀಪವು ಹಾಗೇ ಉರಿದಿರಲಿ.' ಮಾತ್ರೆ ಸರಿ. ಆದರೆ ಅವಳು ಹೋದದ್ದು ಹಾಡಹಗಲಲ್ಲಿ. ದೀಪವೇ ಇರಲಿಲ್ಲ. ದೀಪ ಬೇಡವೆನ್ನಲು ನನ್ನ ಬಳಿ ಬೇರೆ ಕಾರಣವಿಲ್ಲ. ಇರುವ ಕಾರಣವನ್ನು ಹೇಳುವಂತಿಲ್ಲ. ಚೆನ್ನಾಗಿದೆ ಎಂದು ಬರೆದೆ.

ಫೆಬ್ರವರಿ ೧೯

ನಿರ್ದೇಶಕಿಯೊಂದಿಗೆ ಮೂವರೂ ಫೋನಿನಲ್ಲಿ. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಖಚಿತ. ಪಲ್ಲವಿಯನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು.

"ಸರ್, ಇದು ಯಾರೋ ನಿಜವಾಗ್ಲೂ ಅಂದಿರೋ ಮಾತು, ಅಲ್ವಾ?"

ಕವಿ ತಕ್ಷಣ: "ನಲವತ್ತು ವರ್ಷದ ಸಾಧನೆ ಮೇಡಂ." ನಕ್ಕರು ಇಬ್ಬರೂ. ನಾನು ಮ್ಯೂಟ್ ಒತ್ತಿದೆ.

ಸಾಲನ್ನು ಬದಲಾಯಿಸಿದರೆ ಹೇಗೆ ಎಂದು ಅನಂತರ ಕೇಳಿದೆ. ಆಕೆಯ ಉತ್ತರ ಚುಟುಕು: "ಬದಲಾಯಿಸೋದಾದ್ರೆ ಹಾಡೇ ಬೇಡ ಸರ್."

ಅಕ್ಕನ ಮನೆಯಲ್ಲಿರುವ ಅವಳಿಗೆ ಇಂದು ಫೋನು ಮಾಡಿದೆ. ಹಾಡಿನ ವಿಷಯ ಹೇಳಲೆಂದೇ. ನೀರಿನ ಫಿಲ್ಟರು ಬದಲಾಯಿಸುವುದು ಹೇಗೆಂದು ಕೇಳಿ ಇಟ್ಟೆ. ಅದನ್ನು ಈ ಮನೆಯಲ್ಲಿ ಬದಲಾಯಿಸುತ್ತ ಬಂದವನು ನಾನೇ. ಅವಳಿಗೂ ಅದು ಗೊತ್ತು. ಆದರೂ ತಾಳ್ಮೆಯಿಂದ ಹೇಳಿಕೊಟ್ಟಳು.

ಮಾರ್ಚ್ ೩

ಹಾಡು ರೆಕಾರ್ಡ್ ಆಯಿತು. ಕೇಳಿಲ್ಲ.

ಕವಿ ಸಂಭ್ರಮದಲ್ಲಿದ್ದ. "ಅತ್ತಿಗೆಗೆ ಕೊಡೋ ಫೋನು. ನಿನ್ನ ಹೊಗಳಿಕೆ ಬೇಡ ನಂಗೆ, ನೀನು ಸತ್ತರೂ ಹೊಗಳಲ್ಲ."

ಡ್ಯೂಟಿಯಲ್ಲಿದ್ದಾಳೆ ಎಂದೆ.

"ಕಳೆದ ಸಲಾನೂ ಡ್ಯೂಟಿ ಅಂದೆ. ಅದರ ಹಿಂದಿನ ಸಲಾನೂ."

ಅಂಗಡಿಯ ಶಟರು ಎಳೆದ ಸದ್ದು ಕೇಳಿಸಿತು. ವ್ಯಾಪಾರದ ಹೊತ್ತು. ಆ ಹೊತ್ತಿನಲ್ಲಿ ಶಟರು ಎಳೆದವನಲ್ಲ ಅವನು.

"ಅತ್ತಿಗೆ ನಿಂಗೆ ನೀವು ಅಂತಾರಲ್ವೇನೋ."

"ಹೌದು."

"ಯಾವಾಗ ಹೋದ್ರು?"

"ಟ್ಯೂನು ಕಳಿಸುವ ಮುಂಚಿನ ಭಾನುವಾರ."

"ಅಯ್ಯೋ ದರಿದ್ರ ನನ್ಮಗನೇ… ಒಂದು ಮಾತು ಹೇಳಬಾರದಾ? ನಾನಿಲ್ಲಿ ಚಿನ್ನ ಚಿನ್ನ ಅಂತ ಕುಣೀತಿದ್ನಲ್ಲೋ."

ತೆಗೆಸೋಣ ಎಂದ. ಆಮೇಲೆ ಅವನೇ, ಹೇಗೆ ತೆಗೆಸೋದು ಎಂದ. ಗಾಯಕಿ ಹಾಡಿ ಹೋಗಿದ್ದಾರೆ, ಚಿತ್ರೀಕರಣ ನಾಳೆಯಿಂದ. ಇಷ್ಟು ವರ್ಷ ಅವನು ನನ್ನೊಡನೆ ಮಾತಿಗೆ ತಡಕಾಡಿದವನಲ್ಲ. ಇಂದು ಇಬ್ಬರೂ ತಡಕಾಡಿದೆವು. ಕೊನೆಗೆ: "ಹಾಡು ಹೊರಗೆ ಬರೋಕೆ ಮುಂಚೆ ಅವರಿಗೆ ಕೇಳಿಸು. ಬೇರೆಯವರ ಬಾಯಲ್ಲಿ ಕೇಳಬಾರದು. ಮತ್ತೆ ಮೀಟರ್, ಹಾಡು ಮಾತ್ರ ಕೇಳಿಸಿ ಬರಬೇಡ. ಬಾಯಿ ಬಿಟ್ಟು, ಬಾ ಅನ್ನು. ಎರಡಕ್ಷರ ಕೂಡ ಇಲ್ಲ ಅದರಲ್ಲಿ. ಒಂದೇ."

ಮಾರ್ಚ್ ೯

ಅವಳ ಅಕ್ಕನ ಮನೆ. ಐದನೆಯ ಮಹಡಿ. ಬಾಗಿಲು ತೆರೆದವರು ಅಕ್ಕ.

"ಮೆಟ್ಟಿಲು ಹತ್ತಿ ಬಂದ್ರಾ? ಲಿಫ್ಟ್ ಕೆಟ್ಟು ವಾರ ಆಯ್ತು. ಮನೆ ಅಳಿಯ ಬರ್ತಾನೆ, ರಿಪೇರಿ ಮಾಡ್ತಾನೆ ಅಂತ ಎಲ್ಲರಿಗೂ ಹೇಳಿಟ್ಟಿದೀನಿ."

ಮೆಷಿನ್ ರೂಮಿನ ಕೀಲಿಕೈ ಯಾರ ಬಳಿ ಇದೆ ಎಂದು ಕೇಳಿದೆ.

"ತಮಾಷೆಗಂದೆ ಕಣ್ರೀ" ಎಂದು ಒಳಗೆ ಹೋದರು. ತಂಗಿಗೆ ಹೇಳುವುದು ಕೇಳಿಸಿತು: "ಬಂದಿದಾರೆ ನೋಡು. ಲಿಫ್ಟ್ ನೋಡೋಕಂತೆ."

ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಇಯರ್‌ಫೋನಿನಲ್ಲಿ ಹಾಡು ಕೇಳಿದಳು. ನಾನು ಎದುರಿನ ಸೋಫಾದಲ್ಲಿ. ನನಗೆ ಏನೂ ಕೇಳಿಸದು. ಅವಳ ಮುಖ ನೋಡಿಯೇ ಹಾಡು ಎಲ್ಲಿಗೆ ಬಂದಿದೆಯೆಂದು ಎಣಿಸಬೇಕಾಯಿತು. ಪಲ್ಲವಿ ಬಂದಾಗ ಗೊತ್ತಾಯಿತು. ಕಣ್ಣೆತ್ತಲಿಲ್ಲ. ಬೆರಳು ಮಾತ್ರ ವೈರನ್ನು ಸುತ್ತತೊಡಗಿತು. ಕೊನೆಯವರೆಗೆ ಕೇಳಿ, ತೆಗೆದು, ನೀಟಾಗಿ ಮಡಿಸಿ ಕೊಟ್ಟಳು.

"ನನ್ನ ಮಾತಲ್ವಾ ಇದು?"

"ಹೌದು. ತಪ್ಪಾಯಿತು. ಅಳತೆಗೆಂದು ಹಾಕಿದ್ದು…"

"ಅಳತೆ ಸರಿ ಬಂತಾ?"

ವ್ಯಂಗ್ಯವಿತ್ತೋ ಇಲ್ಲವೋ ತಿಳಿಯಲಿಲ್ಲ. ಬಂತು ಎಂದೆ.

"ಅವತ್ತು ನಾನು ತಕ್ಷಣ ಕೆಳಗಿಳಿದು ಹೋಗಲಿಲ್ಲ, ಗೊತ್ತಾ? ಮೆಟ್ಟಿಲ ತಿರುವಲ್ಲಿ ನಿಂತಿದ್ದೆ. ಅಕ್ಕ ಕೆಳಗಿಂದ ಹಾರ್ನ್ ಹೊಡೀತಾನೇ ಇದ್ಳು. ನಾನು ಬಾಗಿಲು ಹಾಕ್ಕೊಳ್ಳಿ ಅಂದದ್ದಕ್ಕೆ ನೀವು ಬಂದ್ರಿ. ಹಾಕ್ಕೊಂಡ್ರಿ. ಚಿಲಕಾನೂ ಹಾಕಿದ್ರಿ. ಆಮೇಲೆ ಹೋದೆ."

ಚಿಲಕ ಹಾಕಿದ್ದು ನನಗೆ ನೆನಪಿಲ್ಲ. ಹಾಕಿರಬೇಕು. ಯಾವಾಗಲೂ ಹಾಕುತ್ತೇನೆ.

"ನಾನು ಮಾತಾಡಿದೆ. ನೀವು ಅದಕ್ಕೆ ರಾಗ ಹಾಕಿದ್ರಿ. ಉತ್ತರ ಕೊಡಲಿಲ್ಲ."

ಹಾಡು ಬೇಡವೆಂದರೆ ಹೇಗಾದರೂ ತಡೆಯುತ್ತೇನೆ ಎಂದೆ. ಹೇಗೆಂದು ನನಗೆ ಗೊತ್ತಿರಲಿಲ್ಲ. ಅವಳು ತಲೆಯಾಡಿಸಿದಳು.

"ಯಾಕೆ ತಡೀತೀರಿ. ಚೆನ್ನಾಗಿದೆ. ಆ ಹುಡುಗಿ ನನಗಿಂತ ಚೆನ್ನಾಗಿ ಹೇಳಿದಾಳೆ. ಇರಲಿ."

ಅನಂತರ ಇಬ್ಬರೂ ಕುಳಿತಿದ್ದೆವು. ಕವಿ ಹೇಳಿಕೊಟ್ಟ ಒಂದಕ್ಷರ ಬಾಯಲ್ಲೇ ಇತ್ತು. ಅವಳು ಕಾಯುತ್ತಿದ್ದಳು, ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ಅಕ್ಷರದ ಮುಂದೆ ಏನು ಹೇಳಬೇಕು, ಅವಳು ಯಾಕೆ ಎಂದರೆ ಏನು, ಇನ್ನು ಮೇಲೆ ಮಾತಾಡುತ್ತೀರಾ ಎಂದರೆ ಏನು — ಎಲ್ಲವನ್ನೂ ಜೋಡಿಸಿಕೊಳ್ಳುತ್ತಿದ್ದೆ. ಅಕ್ಕ ಕಾಫಿ ತಂದರು. ಕುಡಿದೆ. ಲೋಟ ಇಟ್ಟೆ. ಎದ್ದೆ.

ಇಳಿಯುವ ಮೊದಲು ಮೇಲಿನ ಮಹಡಿಗೆ ಹೋಗಿ ಮೆಷಿನ್ ರೂಮು ನೋಡಿದೆ. ಬೀಗ ಹಾಕಿತ್ತು.

ಮಾರ್ಚ್ ೨೯

ಹಾಡು ಹೊರಬಂತು. ಜನರಿಗೆ ಹಿಡಿಸಿದೆಯಂತೆ.

ಇಂದು ಕಚೇರಿ ಕಟ್ಟಡವೊಂದರಲ್ಲಿ ಹಗ್ಗಗಳ ತಪಾಸಣೆ. ಲಿಫ್ಟಿನ ಡಬ್ಬಿಯ ಛಾವಣಿಯ ಮೇಲೆ ನಿಂತಿದ್ದೆ. ಪಕ್ಕದ ಲಿಫ್ಟಿನಲ್ಲಿ ಯಾರೋ ಅದನ್ನು ಗುನುಗುತ್ತ ಮೇಲೆ ಹೋದರು. ಶ್ರುತಿ ತಪ್ಪಿತ್ತು. ಧ್ವನಿ ಮೇಲೆ ಮೇಲೆ ಹೋಗಿ ಕರಗಿತು. ಟಾರ್ಚು ಆರಿಸಿದೆ. ತಪಾಸಣೆ ಮುಂದೂಡಿದೆ. ಕೆಲಸಕ್ಕೆ ಸೇರಿದಂದಿನಿಂದ ಮೊದಲ ಸಲ.

ಕವಿ ದಿನವೂ ಫೋನು ಮಾಡುತ್ತಾನೆ. ಹಾಡಿನ ಬಗ್ಗೆ ಮಾತೆತ್ತುವುದಿಲ್ಲ. ಊಟ ಆಯ್ತಾ ಎಂದು ಕೇಳಿ, "ಸುಳ್ಳು ಹೇಳಬೇಡ" ಎಂದು ಇಡುತ್ತಾನೆ.

ಏಪ್ರಿಲ್ ೬

ಅವಳಿಗೆ ಮನೆ ಸಿಕ್ಕಿದೆ. ಆಸ್ಪತ್ರೆಯ ಹಿಂದಿನ ಬೀದಿ. ನೆಲಮಹಡಿ.

ಉಳಿದ ಸಾಮಾನಿಗೆ ಇಂದು ಬಂದಿದ್ದಾಳೆ. ಕೆಳಗೆ ಟೆಂಪೊ ನಿಂತಿದೆ. ಚಾಲಕನಿಗೆ ಬೆನ್ನುನೋವಂತೆ, ಅವನಿಗೆ ಹೇಗೆ ಬಗ್ಗಬೇಕು, ಹೇಗೆ ಏಳಬೇಕು ಎಂದು ಹೇಳಿಕೊಟ್ಟು ಕೆಳಗೇ ಕೂರಿಸಿ ಬಂದಳು. ಅವಳ ಸ್ವಭಾವವೇ ಅದು.

ಕೋಣೆಯಲ್ಲಿ ಕಪಾಟು ಖಾಲಿ ಮಾಡುತ್ತಿದ್ದಾಳೆ. ಬರಲೇ ಎಂದೆ. "ಬೇಡ, ಬಟ್ಟೆ ಅಷ್ಟೇ" ಎಂದಳು. ಅದಕ್ಕೆ ಇಲ್ಲಿ ಮೇಜಿನ ಬಳಿ ಕುಳಿತು ಬರೆಯುತ್ತಿದ್ದೇನೆ. ಹ್ಯಾಂಗರುಗಳ ಸದ್ದು. ಡ್ರಾಯರು ಎಳೆದದ್ದು, ಮುಚ್ಚಿದ್ದು. ಒಮ್ಮೆ ಸದ್ದೇ ಇರಲಿಲ್ಲ. ಆಗ ಎದ್ದು ಹೋಗಬಹುದಿತ್ತು.

ಈಗ ಕಪಾಟಿನ ಸರದಿ. ತೇಗದ ಮರ. ಒಬ್ಬರಿಂದ ಆಗದು, ನೆಲದ ಮೇಲೆ ಎಳೆದರೆ ಅದರ ಕಾಲು ಮುರಿಯುತ್ತದೆ.

"ರೀ… ಈ ಕಡೆ ಸ್ವಲ್ಪ ಹಿಡ್ಕೋತೀರಾ?"

ಬಂದೆ ಎಂದೆ. ಸ್ಪಷ್ಟವಾಗಿ, ಕೇಳಿಸುವಂತೆ ಹೇಳಿದೆ. ನಾನು ಎತ್ತಿದರೆ ಅದು ಹೋಗುತ್ತದೆ. ಎತ್ತದಿದ್ದರೆ ಅವಳು ಒಬ್ಬಳೇ ಎತ್ತಲು ನೋಡುತ್ತಾಳೆ, ಸೊಂಟಕ್ಕೆ ಪೆಟ್ಟು. ಮತ್ತೆ ಕರೆಯುತ್ತಿದ್ದಾಳೆ. ಹೋಗಿ ಹಿಡಿಯಬೇಕು, ಹಿಡಿದುಕೊಂಡೇ ಅವಳಿಗೆ ಆ ಒಂದಕ್ಷರವನ್ನು…